ಯಾರ ಮಾತಿನ ಮೇಲೆ

ಹದಿನಾಲ್ಕನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಜತ್ತಪ್ಪನಿಗೆ ಬಾಯಿ ಒಣಗಿತ್ತು. ಅದುವರೆಗಿನ ಹದಿಮೂರಕ್ಕೂ ಅವನು ಸಲೀಸಾಗಿ ಉತ್ತರ ಕೊಟ್ಟಿದ್ದ. ಪೆಟ್ರೋಲಿನ ಕ್ರಯ ಏರಿದ್ದು ನಿಮ್ಮ ಮೇಲೆ ಪರಿಣಾಮ ಬೀರಿತೇ, ಹೊಗೆಯಿಲ್ಲದ ವಾಹನ ಊರಿಗೆ ಒಳ್ಳೆಯದೆಂದು ನಂಬುತ್ತೀರಾ, ಮನೆಯಲ್ಲೇ ಚಾರ್ಜ್ ಮಾಡುವುದು ಅನುಕೂಲವೇ ಎಂಬಂಥ ಪ್ರಶ್ನೆಗಳು. ಒಂದೊಂದರ ಮುಂದೆಯೂ ‘ಖಂಡಿತ ಒಪ್ಪುತ್ತೇನೆ’ಯಿಂದ ‘ಖಂಡಿತ ಒಪ್ಪುವುದಿಲ್ಲ’ದವರೆಗೆ ಐದು ಚೌಕಗಳಿದ್ದವು. ಎದುರು ಕುರ್ಚಿಯಲ್ಲಿ ಕೂತ ಹುಡುಗಿ ಅವನ ಬಾಯಿಯಿಂದ ಮಾತು ಬೀಳುವ ಮೊದಲೇ ಮೊದಲನೆಯ ಚೌಕಕ್ಕೆ ಗೀಟು ಹಾಕಿಬಿಡುತ್ತಿದ್ದಳು. ಅವಳ ಹೆಸರು ಭವಿತಾ. ಪುತ್ತೂರಿನಲ್ಲಿ ಎಂ.ಕಾಂ. ಓದುತ್ತಿದ್ದವಳು, ಭಾನುವಾರವಾದ್ದರಿಂದ ಬೆಳಗಿನ ಬಸ್ಸಿಗೇ ಪಂಜಕ್ಕೆ ಬಂದಿಳಿದಿದ್ದಳು. ಅವಳ ಕಾಗದದ ಮೇಲ್ಗಡೆ ‘ಅಭಿವೃದ್ಧಿಶೀಲ ದೇಶಗಳಲ್ಲಿ ಗ್ರಾಹಕರು ವಿದ್ಯುತ್ ವಾಹನಗಳನ್ನು ಒಪ್ಪಿಕೊಳ್ಳಲು ಪ್ರೇರಣೆಯಾಗುವ ಅಂಶಗಳು’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅಭಿವೃದ್ಧಿಶೀಲ ದೇಶವೆಂದರೆ ತನ್ನ ಈ ಜಗಲಿ, ಅದರ ಮೂಲೆಯಲ್ಲಿ ಪ್ಲಗ್ಗಿಗೆ ಸಿಕ್ಕಿಸಿಟ್ಟ ಈ ಬಿಳಿ ಸ್ಕೂಟರು ಎಂದು ಹೊಳೆದಾಗ ಜತ್ತಪ್ಪನಿಗೆ ಮೊದಲು ಸ್ವಲ್ಪ ನಗು ಬಂದಿತ್ತು. ಈಗ ಅವಳು, ನೀವು ಯಾರ ಮಾತಿನ ಮೇಲೆ ಈ ವಾಹನ ತೆಗೆದುಕೊಂಡಿರಿ ಎಂದು ಓದಿ, ಕುಟುಂಬ, ಸ್ನೇಹಿತರು, ಜಾಹೀರಾತು, ಶೋರೂಮಿನವರು, ಸ್ವಂತ ನಿರ್ಧಾರ ಎಂದು ಬೆರಳಿನಲ್ಲಿ ಒಂದೊಂದೇ ತೋರಿಸಿದಳು. ಅವನು ಸ್ಕೂಟರಿನ ಕಡೆ ನೋಡುತ್ತಿದ್ದುದನ್ನು ಕಂಡು, ಧೈರ್ಯ ಹೇಳುವವಳಂತೆ ಕೈಯಲ್ಲಿದ್ದ ಕಾಗದದ ಕಟ್ಟನ್ನು ತಿರುವಿಹಾಕಿದಳು.

"ಈ ಪ್ರಶ್ನೆಗೆ ಸುಮಾರು ಜನ ನಿಮ್ಮ ಹೆಸರೇ ಹೇಳಿದ್ದು ಸರ್. ಹಾಗಾಗಿಯೇ ನಿಮ್ಮನ್ನು ಹುಡುಕಿಕೊಂಡು ಬಂದೆ. ಕಡಬದ ಹತ್ರ ಝುಬೈದಾ ಅಂತ ಒಬ್ರು ಇದ್ದಾರಲ್ಲ, ಅವರ ಗಾಡಿ ನಿಂತು ಎಂಟು ತಿಂಗಳಾಯ್ತಂತೆ. ಅವರೂ ನಿಮ್ಮ ಹೆಸರೇ ಹೇಳಿದ್ರು. ತುಂಬ ಗೌರವದಲ್ಲಿ ಹೇಳಿದ್ರು."

ಒಳಗೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಸದ್ದು ನಿಂತಿತು. ದಮಯಂತಿ ತುರಿಮಣೆಯ ಮೇಲೆ ಕೂತಲ್ಲೇ ಕಿವಿಗೊಟ್ಟಿದ್ದಾಳೆ ಎಂದು ಜತ್ತಪ್ಪನಿಗೆ ಗೋಡೆಯ ಈಚೆಯಿಂದಲೇ ಕಾಣುತ್ತಿತ್ತು. ಮೂವತ್ತಾರು ವರ್ಷ ಜೊತೆಗಿದ್ದವಳ ಮೌನ ಯಾವ ದಿಕ್ಕಿಗೆ ತಿರುಗಿದೆ ಎಂದು ತಿಳಿಯಲು ಕಣ್ಣು ಬೇಕಾಗುವುದಿಲ್ಲ. ಆ ಸ್ಕೂಟರಿನ ಹಿಂದಿನ ಸೀಟಿನ ಮೇಲೆ ಅವಳು ಒಂದೇ ಒಂದು ಸಲವೂ ಕೂತವಳಲ್ಲ. ಸುಬ್ರಹ್ಮಣ್ಯಕ್ಕೆ ಹೋಗಲಿ, ಸುಳ್ಯದ ಆಸ್ಪತ್ರೆಗೆ ಹೋಗಲಿ, ಬಸ್ಸಿಗೆ ಕಾದು ನಿಂತು ಹೋಗುತ್ತಿದ್ದಳು. ಅವನು ಅದೇ ರಸ್ತೆಯಲ್ಲಿ ಅವಳನ್ನು ದಾಟಿ ಹೋಗುವಾಗ, ಬರೀ ಪರಿಚಯದವರ ಕಡೆಗೆ ನೋಡುವ ಹಾಗೆ ತಲೆಯೆತ್ತಿ ನೋಡುತ್ತಿದ್ದಳು. ಕ್ರಯ ಕೊಡದೆ ಬಂದದ್ದರ ಮೇಲೆ ತಾನು ಕೂರುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಕೊಡದ ಸಂಗತಿಯನ್ನು ಊರಿನವರಿಗೆ ಹೇಳಿಬಿಡಿ, ಆಮೇಲೆ ಕೂರುತ್ತೇನೆ ಎಂದು ಇನ್ನೊಂದು ಸಲ ಹೇಳಿದ್ದಳು. ಮೂರನೆಯ ಸಲ ಹೇಳಲಿಲ್ಲ.

"ಸ್ವಂತ ನಿರ್ಧಾರ ಅಂತ ಬರೀರಿ" ಎಂದ ಜತ್ತಪ್ಪ.

ಒಳಗೆ ತುರಿಮಣೆಯ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ನಿಧಾನವಾಗಿ. ಭವಿತಾ ಗೀಟು ಹಾಕಿ, ಉಳಿದ ಆರು ಪ್ರಶ್ನೆಗಳನ್ನು ಮುಗಿಸಿ, ಸ್ಕೂಟರಿನ ಪಕ್ಕ ನಿಂತರೆ ಒಂದು ಫೋಟೋ ತೆಗೆಯುತ್ತೇನೆ ಎಂದಳು. ಅವನು ನಿಂತ. ಕೈಯನ್ನು ಹ್ಯಾಂಡಲಿನ ಮೇಲೆ ಇಡಿ ಎಂದಳು, ಇಟ್ಟ. ನಗಿ ಎಂದಳು. ಎರಡು ವರ್ಷದ ಹಿಂದೆ ಪುತ್ತೂರಿನ ಶೋರೂಮಿನ ಎದುರು ಹೀಗೆಯೇ ನಿಂತದ್ದು, ಇದೇ ಕೈ ಇದೇ ಜಾಗದಲ್ಲಿದ್ದದ್ದು ನೆನಪಾಯಿತು. ಆಗ ಹಿಡಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿರಲಿಲ್ಲ. ಆ ಫೋಟೋ ಆ ವಾರದ ಒಳಗೆ ಪಂಜ, ನಿಂತಿಕಲ್ಲು, ಕಡಬದ ಎಲ್ಲ ಫೋನುಗಳನ್ನೂ ಸುತ್ತಿ ಬಂದಿತ್ತು.

ಮೂವತ್ತನಾಲ್ಕು ವರ್ಷ ಲೈನ್‌ಮ್ಯಾನ್ ಆಗಿದ್ದವನ ಫೋನು ನಿವೃತ್ತಿಯ ಮರುದಿನದಿಂದ ಹೇಗೆ ಸುಮ್ಮನಾಗುತ್ತದೆ ಎಂಬುದನ್ನು ಯಾರೂ ಅವನಿಗೆ ಮೊದಲೇ ಹೇಳಿರಲಿಲ್ಲ. ಗಾಳಿಮಳೆಗೆ ಮರ ಬಿದ್ದು ತಂತಿ ಹರಿದಾಗ, ಮದುವೆಮನೆಯಲ್ಲಿ ಫ್ಯೂಸು ಹೋದಾಗ, ಪಂಪು ತಿರುಗದಾಗ ಬರುತ್ತಿದ್ದ ಆ ಕರೆಗಳನ್ನು ಅವನು ಬೈದುಕೊಂಡೇ ಎತ್ತುತ್ತಿದ್ದ. ಊಟದ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. ಆಮೇಲೆ ಒಂದು ದಿನ ಶಾಲು, ಹಾರ, ಹಣ್ಣಿನ ಬುಟ್ಟಿ. ಮರುದಿನ ಬೆಳಗ್ಗೆ ಮೋಡ ಕವಿದು ಕರೆಂಟು ಹೋಯಿತು. ಅವನು ಫೋನನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಜಗಲಿಯಲ್ಲಿ ಕೂತ. ಹತ್ತೂವರೆಗೆ ಕರೆಂಟು ತಾನಾಗಿಯೇ ಬಂತು. ಹಾಗೆ ಕೂತ ಎಂಟು ತಿಂಗಳ ಮೇಲೆ ಪುತ್ತೂರಿನಿಂದ ಉಲ್ಲಾಸ್ ಎಂಬ ಶೋರೂಮಿನ ಮ್ಯಾನೇಜರು ಮನೆ ಹುಡುಕಿಕೊಂಡು ಬಂದಿದ್ದ. ಒಳ್ಳೆಯ ಮಾತಿನವನು. ಈ ಕಡೆಯ ಜನಕ್ಕೆ ಕರೆಂಟಿನ ಗಾಡಿ ಎಂದರೆ ಹೆದರಿಕೆ, ಮಳೆಯಲ್ಲಿ ಶಾಕ್ ಹೊಡೆಯುತ್ತದೆ ಅನ್ನುತ್ತಾರೆ, ಏರು ಹತ್ತುವುದಿಲ್ಲ ಅನ್ನುತ್ತಾರೆ, ಪೇಪರಿನಲ್ಲಿ ಜಾಹೀರಾತು ಹಾಕಿ ಸಾಕಾಯಿತು ಎಂದು ಹೇಳಿಕೊಂಡ. ಒಂದು ಗಾಡಿ ನಿಮ್ಮ ಹೆಸರಿಗೆ ಮಾಡಿಕೊಡುತ್ತೇವೆ, ಕ್ರಯದ ಮಾತು ಬೇಡ ಎಂದ. ತಾನು ಸೇಲ್ಸಿನ ಮನುಷ್ಯ ಅಲ್ಲ, ಹೋಗಿ ಜನರ ಹತ್ತಿರ ಹೇಳಲಿಕ್ಕೆ ಆಗುವುದಿಲ್ಲ ಎಂದು ಜತ್ತಪ್ಪ ಅಂದದ್ದಕ್ಕೆ ಅವನು ನಕ್ಕಿದ್ದ. "ನೀವು ಏನೂ ಹೇಳುದು ಬೇಡ ಜತ್ತಪ್ಪಣ್ಣ. ಓಡಿಸಿದ್ರೆ ಸಾಕು. ಕರೆಂಟಿನವರೇ ಓಡಿಸ್ತಾರೆ ಅಂತ ಜನ ನೋಡ್ಲಿ."

ಜನ ನೋಡಿದರು. ಪಂಜದ ಪೇಟೆಯಲ್ಲಿ ನಿಲ್ಲಿಸಿದಲ್ಲಿ ಮೂರು ಜನ ಸುತ್ತ ಸೇರುತ್ತಿದ್ದರು. ಬಿಲ್ಲು ಎಷ್ಟು ಬರುತ್ತದೆ, ಅರ್ಥಿಂಗ್ ಬೇಕಾ, ಮನೆಯ ವಯರಿಂಗ್ ತಡೆಯುತ್ತದಾ, ವೋಲ್ಟೇಜ್ ಕಮ್ಮಿ ಇದ್ದರೆ ಆಗುತ್ತದಾ. ಫೋನು ಮತ್ತೆ ಹೊಡೆದುಕೊಳ್ಳಲು ಶುರುವಾಯಿತು. ಶೋರೂಮಿನವರು ಪಂಜದಲ್ಲಿ ಶಿಬಿರ ಮಾಡಿದ ದಿನ, ಚಾರ್ಜಿಗೆ ಹಾಕಿದ ಗಾಡಿಯ ಮೇಲೆ ಒಂದು ಕೊಡ ನೀರು ಸುರಿದು, ಒದ್ದೆ ಅಂಗೈಯನ್ನು ಅದರ ಮೈಮೇಲೆ ಇಟ್ಟು ನಿಂತು ತೋರಿಸಿದ್ದೂ ಅವನೇ. ಜನ ಚಪ್ಪಾಳೆ ತಟ್ಟಿದ್ದರು. ಕೊಟ್ಟವರು ಕೊಟ್ಟದ್ದನ್ನು ಮರೆತ ಹಾಗೆ ತಾನೂ ಮರೆತಿದ್ದೆ, ಅದು ನಿಜವಾಗಿಯೂ ಒಳ್ಳೆಯ ಗಾಡಿಯಾಗಿತ್ತು, ತಾನು ಸುಳ್ಳು ಹೇಳಲಿಲ್ಲ ಎಂದು ಜತ್ತಪ್ಪ ಇಷ್ಟು ದಿನ ಎಷ್ಟು ಸಲ ತನಗೇ ಹೇಳಿಕೊಂಡಿದ್ದನೋ. ಎಷ್ಟು ಕೊಟ್ಟಿರಿ ಎಂದು ಯಾರಾದರೂ ಕೇಳಿದರೆ ಮಾತ್ರ, ಆಗ ಆಫರಿನಲ್ಲಿ ಸಿಕ್ಕಿತು ಎನ್ನುತ್ತಿದ್ದ. ಆ ಮಾತು ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ಹೇಳುವಾಗ ಅವನಿಗೆ ದಮಯಂತಿಯ ಮುಖವೊಂದು ಬಿಟ್ಟರೆ ಬೇರೆ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಒಂಬತ್ತು ಜನ ಕೊಂಡರು. ಅಡಿಕೆ ತೋಟದವರು, ಟೈಲರಿಂಗ್ ಮಾಡುವವರು, ಒಬ್ಬ ಪೂಜೆ ಭಟ್ಟರು. ಕೊನೆಯವಳು ಝುಬೈದಾ, ಬಟ್ಟೆಯ ಕಟ್ಟು ಹೊತ್ತು ಮನೆಮನೆಗೆ ನೈಟಿ, ಚೂಡಿದಾರದ ತುಂಡು, ಬೆಡ್‌ಶೀಟು ಮಾರುತ್ತಿದ್ದವಳು. ಲೈಸೆನ್ಸು ಬೇಡದ, ಮೆಲ್ಲಗೆ ಓಡುವ ಚಿಕ್ಕ ಗಾಡಿಯನ್ನು ಆರಿಸಿದ್ದಳು.

ಭವಿತಾ ಹತ್ತೂಮುಕ್ಕಾಲರ ಬಸ್ಸಿಗೆ ಹೋದಳು. ದಮಯಂತಿ ಹೊರಗೆ ಬಂದು ಅವಳು ಕುಡಿದಿಟ್ಟ ಲೋಟ ತೆಗೆದುಕೊಂಡಳು, ಗಂಡನ ಮುಖ ನೋಡಲಿಲ್ಲ. ಜತ್ತಪ್ಪ ಕಪಾಟಿನ ಕೆಳಗಿನಿಂದ ತನ್ನ ಹಳೆಯ ಕ್ಯಾನ್ವಾಸ್ ಚೀಲವನ್ನು ಎಳೆದು ಟೆಸ್ಟರು, ಮೀಟರು, ಇಕ್ಕಳ, ಫ್ಯೂಸಿನ ಡಬ್ಬಿ ಇವೆಯೇ ಎಂದು ನೋಡಿದ. ಯಾಕೆ ಅದನ್ನು ತೆಗೆದುಕೊಳ್ಳುತ್ತಿದ್ದೇನೆ ಎಂದು ಅವನಿಗೆ ಸ್ಪಷ್ಟವಿರಲಿಲ್ಲ. ಕೈಯಲ್ಲಿ ಆ ಚೀಲವಿದ್ದರೆ ಯಾರ ಮನೆಯ ಅಂಗಳಕ್ಕೆ ಹೋಗಿ ನಿಂತರೂ ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ, ಅಷ್ಟು ಗೊತ್ತಿತ್ತು. ಕಡಬಕ್ಕೆ ಹೋಗಿ ಬರುತ್ತೇನೆ ಎಂದ. ಊಟಕ್ಕೆ ಬರುತ್ತೀರಾ ಎಂದು ಮಾತ್ರ ಅವಳು ಕೇಳಿದಳು. ಗೊತ್ತಿಲ್ಲ ಎಂದು ಹೊರಟ.

ಈ ಗಾಡಿಯ ಸದ್ದಿಲ್ಲದ ಓಟವೇ ಒಂದು ಕಾಲದಲ್ಲಿ ಅವನ ಹೆಮ್ಮೆಯಾಗಿತ್ತು. ಈಗ ಅದರಿಂದಲೇ ಬಳಲುತ್ತಿದ್ದ. ಹಳೆಯ ಬೈಕಿನಲ್ಲಿ ಬರುವಾಗ ತಿರುವಿನ ಆಚೆಗೇ ಜನಕ್ಕೆ ಗೊತ್ತಾಗುತ್ತಿತ್ತು, ಜತ್ತಪ್ಪ ಬಂದ ಎಂದು ಮಾತು ಬದಲಿಸಿಕೊಳ್ಳಲು ಅವರಿಗೆ ಸಮಯವಿರುತ್ತಿತ್ತು. ಶೋರೂಮು ಮುಚ್ಚಿಹೋದ ಮೇಲೆ ಬಂದ ಮಳೆಗಾಲದ ಒಂದು ಬೆಳಗ್ಗೆ ಪೇಟೆಯ ಹೋಟೆಲಿನ ಬದಿಗೆ ಗಾಡಿ ನಿಲ್ಲಿಸುತ್ತಿರುವಾಗ ಒಳಗಿನಿಂದ ತೀರ್ಥರಾಮನ ದನಿ ಕೇಳಿತ್ತು. ಅವನೂ ಗಾಡಿ ಕೊಂಡ ಒಂಬತ್ತು ಜನರಲ್ಲಿ ಒಬ್ಬ. "ಅವನಿಗೆಂತ ಮಾರಾಯ, ಹೋದ್ದೆಲ್ಲ ನಂಬಿದವರದ್ದಲ್ವಾ" ಎನ್ನುತ್ತಿದ್ದ. ಯಾರ ವಿಷಯವೋ. ಆ ವಾರ ಸುಳ್ಯದ ಒಬ್ಬ ಅಡಿಕೆ ವ್ಯಾಪಾರಿ ಅಂಗಡಿ ಮುಚ್ಚಿಕೊಂಡು ಹೋದ ಸುದ್ದಿಯೂ ಇತ್ತು. ಜತ್ತಪ್ಪ ಒಳಗೆ ಕಾಲಿಟ್ಟದ್ದೇ ಮಾತು ನಿಂತಿತು. ತೀರ್ಥರಾಮ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟು, ಬನ್ನಿ, ಚಾ ಕುಡಿಯುವ ಎಂದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಗೌರವವೇ ಇತ್ತು. ಅದನ್ನು ತೆಗೆದುಕೊಂಡು ಏನು ಮಾಡಬೇಕೆಂದು ತಿಳಿಯದೆ ಜತ್ತಪ್ಪ ಬಿಸಿ ಚಾವನ್ನು ಒಂದೇ ಸಮನೆ ಕುಡಿದು ನಾಲಿಗೆ ಸುಟ್ಟುಕೊಂಡಿದ್ದ. ಯಾರೂ ಅವನನ್ನು ಬೈಯಲಿಲ್ಲ. ಏನನ್ನೂ ಕೇಳುವುದನ್ನು ನಿಲ್ಲಿಸಿದರು, ಅಷ್ಟೇ. ಪಂಪು ಸುಟ್ಟರೆ ಸುಳ್ಯದಿಂದ ಯಾರನ್ನೋ ಕರೆಸಿದರು. ಅವನ ಮನೆಯಿಂದ ನಾಲ್ಕನೆಯ ಮನೆಯಲ್ಲಿ ಹೊಸ ವಯರಿಂಗ್ ಆದದ್ದು ಅವನಿಗೆ ಗೊತ್ತಾದದ್ದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಕೂತು ತಲೆಯೆತ್ತಿದಾಗ, ಫ್ಯಾನು ಕಂಡು.

ಶೋರೂಮು ಮುಚ್ಚಿದ್ದು ಮಾರ್ಚಿನಲ್ಲಿ. ಸರ್ವೀಸಿಗೆಂದು ಪುತ್ತೂರಿಗೆ ಹೋದವನು ಶಟರಿನ ಮುಂದೆ ನಿಂತಿದ್ದ. ಬೋರ್ಡು ಇರಲಿಲ್ಲ, ಗೋಡೆಯಲ್ಲಿ ನಾಲ್ಕು ತೂತುಗಳಿದ್ದವು. ಉಲ್ಲಾಸನ ನಂಬರು ಚಾಲ್ತಿಯಲ್ಲಿರಲಿಲ್ಲ. ಅಳತೆ ಟೇಪು ಹಿಡಿದುಕೊಂಡಿದ್ದ ಯಾರೋ ಒಬ್ಬ, ಬಹುಶಃ ಆ ಜಾಗಕ್ಕೆ ಬರುವ ಬೇಕರಿಯವನು, ಅವನನ್ನು ಮತ್ತು ಅವನ ಗಾಡಿಯನ್ನು ನೋಡಿ, ನೀವು ಆ ಕಂಪೆನಿಯವರಾ ಎಂದು ಕೇಳಿದ. ಅಲ್ಲ ಎಂದು ಹೇಳಿ ಜತ್ತಪ್ಪ ಗಾಡಿ ತಿರುಗಿಸಿದ್ದ. ಅಲ್ಲಿಂದ ಮೂರು ವಾರಕ್ಕೆ, ಏಪ್ರಿಲಿನ ಗುಡುಗಿನ ಮಳೆ ಬಂದುಹೋದ ಮೂರನೆಯ ದಿನ, ಝುಬೈದಾಳ ಕರೆ ಬಂದಿತ್ತು. ಪರದೆಯ ಮೇಲೆ ಅವಳ ಹೆಸರು ಮೂಡಿ ಮಿನುಗುತ್ತಿರುವುದನ್ನು ಅವನು ನೋಡುತ್ತ ನಿಂತ. ಅವಳೀಗ ಏನು ಕೇಳುತ್ತಾಳೆ ಎಂಬುದು ಅವನಿಗೆ ಗೊತ್ತಿತ್ತು: ಶೋರೂಮು ಎಲ್ಲಿ, ನೀವು ಹೇಳಿದ್ದಿರಲ್ಲ, ನಿಮಗೆ ಅವರು ಎಷ್ಟು ಕೊಟ್ಟರು. ಸದ್ದು ತಾನಾಗಿಯೇ ನಿಲ್ಲುವವರೆಗೆ ಬಿಟ್ಟ. ನಾಲ್ಕು ದಿನದ ಮೇಲೆ ಇನ್ನೊಂದು ಸಲ ಬಂತು. ಆಗಲೂ ಬಿಟ್ಟ. ಮತ್ತೆ ಬರಲಿಲ್ಲ. ಬರಲಿಲ್ಲವಲ್ಲ ಎಂದು ಆವತ್ತು ಹಗುರವಾದದ್ದನ್ನು ಈಗ ಕುಮಾರಧಾರೆಯ ಸೇತುವೆಯ ಮೇಲೆ ಹೋಗುತ್ತ ನೆನೆದಾಗ ಅವನಿಗೆ ಕಿವಿಯ ತುದಿ ಬಿಸಿಯಾಯಿತು. ಕೆಳಗೆ ಡಿಸೆಂಬರಿನ ತೆಳು ನೀರು ಬಂಡೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತಿತ್ತು. ಇಲ್ಲಿಂದ ತಿರುಗಿದರೂ ಊಟದ ಹೊತ್ತಿಗೆ ಮನೆ ಸೇರಬಹುದು ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಲೇ ಕೋಡಿಂಬಾಳದವರೆಗೆ ಬಂದುಬಿಟ್ಟಿದ್ದ.

ಒಳರಸ್ತೆಯ ಕೊನೆಯಲ್ಲಿ, ರಬ್ಬರು ತೋಟದ ಅಂಚಿಗೆ, ಹಂಚಿನ ಚಿಕ್ಕ ಮನೆ. ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದ ಮುದುಕಿ ಝುಬೈದಾಳ ತಾಯಿ ಬೀಫಾತುಮ್ಮ. ಕಿವಿ ಮಂದ. ಅವಳು ಚೀಲವನ್ನು ನೋಡಿದಳು, ಆಮೇಲೆ ಮನುಷ್ಯನನ್ನು ನೋಡಿ, ಒಳಗಿನವರಿಗೆ ಕೇಳುವ ಹಾಗೆ, ಕರೆಂಟಿನವರು ಬಂದಿದ್ದಾರೆ ಎಂದು ಬ್ಯಾರಿ ಭಾಷೆಯಲ್ಲಿ ಕೂಗಿದಳು. ಝುಬೈದಾ ಕೈ ಒರೆಸಿಕೊಳ್ಳುತ್ತ ಬಂದಳು. ನಲವತ್ತರ ಸುಮಾರಿನ, ಮುಖದಲ್ಲಿ ಸುಲಭವಾಗಿ ಏನನ್ನೂ ತೋರಿಸದ ಹೆಂಗಸು. ಗಂಡ ತೀರಿಹೋಗಿ ಆರು ವರ್ಷವಾಗಿತ್ತು, ಮಗಳು ಉಪ್ಪಿನಂಗಡಿಯಲ್ಲಿ ಓದುತ್ತಿದ್ದಳು. ಅವಳು ಜತ್ತಪ್ಪನನ್ನು ಕಂಡು ಆಶ್ಚರ್ಯಪಡಲಿಲ್ಲ. ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಇಟ್ಟು, ಕೂತುಕೊಳ್ಳಿ, ಬಿಸಿಲಿಗೆ ಬಂದಿದ್ದೀರಿ ಎಂದಳು. ಅಂಗಳದ ಒಂದು ಬದಿಯಲ್ಲಿ, ಬಚ್ಚಲಿನ ಗೋಡೆಗೆ ಒರಗಿಸಿದಂತೆ, ನೀಲಿ ಟಾರ್ಪಾಲು ಹೊದ್ದ ಗಾಡಿಯಿತ್ತು. ಅದರ ಮೇಲೆ ಒಂದು ಹೇಂಟೆ ಕೂತಿತ್ತು. ಜತ್ತಪ್ಪನಿಗೆ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಆ ಕೋಳಿಯನ್ನು ನೋಡಿ ಕಲಸಿಹೋಯಿತು. ಇನ್ನು ಕೂತರೆ ಏಳುವವರೆಗೂ ಹೇಳಲಾರೆ ಎಂದು ನಿಂತುಕೊಂಡೇ ಹೇಳಿದ. ತನ್ನ ಗಾಡಿಗೆ ತಾನು ಕ್ರಯ ಕೊಟ್ಟಿಲ್ಲ. ಶೋರೂಮಿನವರು ಓಡಿಸಿ ತೋರಿಸಲಿಕ್ಕೆಂದು ಪುಕ್ಕಟೆ ಕೊಟ್ಟದ್ದು. ಊರಿನವರಿಗೆ, ಅವಳಿಗೆ, ಯಾರಿಗೂ ಅದನ್ನು ಹೇಳಲಿಲ್ಲ. ಆಫರಿನಲ್ಲಿ ಸಿಕ್ಕಿದ್ದೆಂದು ಸುಳ್ಳು ಹೇಳಿದ್ದ. ಇಷ್ಟನ್ನು ಹೇಳಿ ಮುಗಿಸಿದಾಗ ಅವನಿಗೆ ತನ್ನ ದನಿ, ಬಿಲ್ಲು ಬಾಕಿಯಿದ್ದವರಿಗೆ ಲೈನು ಕತ್ತರಿಸುವ ನೋಟೀಸು ಓದಿ ಹೇಳುತ್ತಿದ್ದ ದನಿಯಂತೆ ಕೇಳಿಸಿತು.

ಝುಬೈದಾ ಕುರ್ಚಿ ಒರೆಸಿದ ಸೆರಗನ್ನು ಹೆಗಲಿಗೆ ಎಳೆದುಕೊಂಡಳು.

"ಅದಕ್ಕಾ ನೀವು ಫೋನ್ ತೆಗೀದೆ ಇದ್ದದ್ದು?"

ಅವನು ಹೌದೆಂದು ತಲೆಯಾಡಿಸಿದ. ಅವಳ ಮುಖದಲ್ಲಿ ಕೋಪವನ್ನು ಹುಡುಕಿದ, ಸಿಗಲಿಲ್ಲ. ಅವಳು ಬೇರೆ ಯಾವುದೋ ಕಾರಣವನ್ನು ಇಷ್ಟು ದಿನ ಊಹಿಸಿಕೊಂಡಿದ್ದಳು, ಈಗ ಅದನ್ನು ತೆಗೆದು ಇದನ್ನು ಆ ಜಾಗದಲ್ಲಿಟ್ಟು ನೋಡುತ್ತಿದ್ದಾಳೆ ಎನಿಸಿತು. ತಾನು ನಿರೀಕ್ಷಿಸಿದ ಶಿಕ್ಷೆ ಬಾರದೆ ಹೋದಾಗ ಮನುಷ್ಯ ನಿಲ್ಲುವ ಹಾಗೆ ಅವನು ನಿಂತಿದ್ದ. ಗಾಡಿಗೆ ಏನಾಗಿತ್ತು ಎಂದು ಕೇಳುವುದು ಆಗಲೇ ಅವನಿಗೆ ಹೊಳೆದದ್ದು. ಎಂಟು ತಿಂಗಳಲ್ಲಿ ಮೊದಲ ಸಲ. ಗುಡುಗು ಬಂದ ದಿನ ಚಾರ್ಜಿಗೆ ಹಾಕಿತ್ತು, ದೊಡ್ಡದೊಂದು ಸಿಡಿಲು ಬಡಿಯಿತು, ಆಮೇಲೆ ಚಾರ್ಜರಿನ ದೀಪ ಹತ್ತಲೇ ಇಲ್ಲ ಎಂದಳು. ಉಳಿದ ಚಾರ್ಜಿನಲ್ಲಿ ಎರಡು ದಿನ ಓಡಿಸಿದೆ, ಮೂರನೆಯ ದಿನ ಪೇಟೆಯಿಂದ ನೂಕಿಕೊಂಡು ಬಂದೆ. ಪುತ್ತೂರಿಗೆ ಹೋದರೆ ಅಂಗಡಿಯೇ ಇಲ್ಲ. ಕಡಬದಲ್ಲಿ ತೋರಿಸಿದರೆ ಪೆಟ್ರೋಲಿನದ್ದಾದರೆ ನೋಡಬಹುದು, ಇದು ನಮಗೆ ಗೊತ್ತಿಲ್ಲ ಅಂದರು.

ಚಾರ್ಜರನ್ನು ಅವಳು ಒಳಗಿನಿಂದ ತಂದುಕೊಟ್ಟಳು, ಹಳೆಯ ನೈಟಿಯ ತುಂಡಿನಲ್ಲಿ ಸುತ್ತಿ ಜೋಪಾನವಾಗಿ ಇಟ್ಟಿದ್ದಳು. ಜತ್ತಪ್ಪ ಜಗಲಿಯ ಮೆಟ್ಟಿಲ ಮೇಲೆ ಕೂತು ನಾಲ್ಕು ಸ್ಕ್ರೂ ಬಿಚ್ಚಿದ. ಮುಚ್ಚಳ ಎತ್ತಿದ ಕೂಡಲೇ ಅವನಿಗೆ ಕಂಡಿತು. ಮೀಟರೂ ಬೇಕಾಗಿರಲಿಲ್ಲ. ಕಡಲೆಕಾಯಿಗಿಂತ ಚಿಕ್ಕ ಗಾಜಿನ ಫ್ಯೂಸು, ಒಳಗೆ ಕಪ್ಪಗೆ ಹಿಡಿದಿತ್ತು. ಅಂಥವು ಅವನ ಡಬ್ಬಿಯಲ್ಲಿ ಏಳೆಂಟು ಯಾವಾಗಲೂ ಇರುತ್ತವೆ. ಹಳತನ್ನು ತೆಗೆದು ಹೊಸತನ್ನು ಒತ್ತಿ, ಸ್ಕ್ರೂ ತಿರುಗಿಸಿ, ಜಗಲಿಯ ಪ್ಲಗ್ಗಿಗೆ ಹಾಕಿದ. ಕೆಂಪು ದೀಪ ಹತ್ತಿತು. ಎಲ್ಲ ಸೇರಿ ಹತ್ತು ನಿಮಿಷವಾಗಿರಲಿಲ್ಲ. ಬೀಫಾತುಮ್ಮ ಬೀಡಿಯ ಎಲೆ ಕೈಯಲ್ಲಿ ಹಿಡಿದುಕೊಂಡೇ ದೀಪವನ್ನು ನೋಡಿ ತಲೆದೂಗಿದಳು. ಜತ್ತಪ್ಪನಿಗೆ ತಲೆಯೆತ್ತಲು ಆಗಲಿಲ್ಲ. ಸುಟ್ಟ ಫ್ಯೂಸು ಅವನ ಅಂಗೈಯಲ್ಲಿತ್ತು. ಅದನ್ನು ಅವಳಿಗೆ ತೋರಿಸಬೇಕೆ, ಕಿಸೆಗೆ ಹಾಕಿಕೊಳ್ಳಬೇಕೆ ಎಂದು ಅವನು ಯೋಚಿಸುತ್ತಿರುವಾಗಲೇ ಅವಳು, ಅಷ್ಟೇಯಾ ಎಂದಳು. ಅಷ್ಟೇ ಎಂದ.

ಅಷ್ಟೇ ಆಗಿರಲಿಲ್ಲ. ಟಾರ್ಪಾಲು ತೆಗೆದು ಸೀಟು ಎತ್ತಿ ಮೀಟರು ಹಿಡಿದರೆ, ಒಳಗಿನ ಐದು ಬ್ಯಾಟರಿಗಳೂ ಪಾತಾಳಕ್ಕೆ ಇಳಿದಿದ್ದವು. ಈ ಜಾತಿಯ ಬ್ಯಾಟರಿಯನ್ನು ಖಾಲಿ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಳಗೊಳಗೇ ಗಟ್ಟಿಯಾಗಿ ಸಾಯುತ್ತದೆ. ಅದು ಅವನಿಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಏಪ್ರಿಲಿನ ಆ ವಾರವೇ ಬಂದಿದ್ದರೆ ಫ್ಯೂಸು ಒಂದನ್ನು ಹಾಕಿ ಒಂದು ಲೋಟ ಚಾ ಕುಡಿದು ಹೋಗಬಹುದಾಗಿತ್ತು. ಚಾರ್ಜಿಗೆ ಸಿಕ್ಕಿಸಿ, ಎಷ್ಟು ಹಿಡಿಯುತ್ತದೆ ನೋಡುವ, ಮೂರು ಗಂಟೆಯಾದರೂ ಬೇಕು ಎಂದ. ಆಗಲಿ ಎಂದು ಅವಳು ಒಳಗೆ ಹೋದಳು. ಗಂಜಿ, ಚಟ್ನಿ ತಂದಿಟ್ಟಳು. ಅವನು ತಿಂದ. ಅವಳು ಬಟ್ಟೆ ಒಗೆದಳು, ಅಂಗಳ ಗುಡಿಸಿದಳು, ತಾಯಿಗೆ ಮಾತ್ರೆ ಕೊಟ್ಟಳು. ಅವನು ಕುರ್ಚಿಯಲ್ಲಿ ಕೂತು ಕೆಂಪು ದೀಪವನ್ನು ನೋಡುತ್ತಿದ್ದ. ಎಷ್ಟೋ ಮನೆಗಳ ಜಗಲಿಯಲ್ಲಿ ಅವನು ಹೀಗೆ ಕರೆಂಟಿಗೆ ಕಾದು ಕೂತಿದ್ದಿದೆ. ಆಗೆಲ್ಲ ಮನೆಯವರು ಬಂದು ಮಾತಾಡಿಸುತ್ತಿದ್ದರು, ಜಾಗದ ತಕರಾರು, ಮಗಳ ಸಂಬಂಧ ಎಲ್ಲವೂ ಅವನ ಕಿವಿಗೆ ಬೀಳುತ್ತಿತ್ತು. ಇವತ್ತು ಬೀಫಾತುಮ್ಮ ಕೂಡ, ಅವನು ಎರಡು ಸಲ ಮಾತಾಡಿ ಅವಳಿಗೆ ಕೇಳದೆ ಹೋದ ಮೇಲೆ, ತನ್ನ ಬೀಡಿಗೆ ತಿರುಗಿದಳು.

ಮೂರೂವರೆಗೆ ಅವನು ಗಾಡಿಯನ್ನು ಮುಖ್ಯರಸ್ತೆಯವರೆಗೆ ಓಡಿಸಿಕೊಂಡು ಹೋಗಿ ಬಂದ. ಹೊರಡುವಾಗ ತುಂಬಿದ ಹಾಗೆ ತೋರಿಸುತ್ತಿದ್ದ ಮುಳ್ಳು ಏರಿನಲ್ಲಿ ಅರ್ಧಕ್ಕೆ ಬಿತ್ತು. ಅವನು ಬರುವಾಗ ಝುಬೈದಾ ಅಂಗಳದಲ್ಲಿ ಎರಡು ಲೋಟ ಚಾ ಹಿಡಿದು ನಿಂತಿದ್ದಳು. ಹೊಸ ಬ್ಯಾಟರಿ ತಾನು ಹಾಕಿಸಿಕೊಡುತ್ತೇನೆ, ಸುಳ್ಯದಲ್ಲಿ ಸಿಗುತ್ತದೆ, ಬಟ್ಟೆ ವ್ಯಾಪಾರ ಮತ್ತೆ ಶುರುಮಾಡಬಹುದು ಎಂದ. ಮಾತು ಮುಗಿಯುವ ಮೊದಲೇ ಅವಳು ಬೇಡವೆಂದು ತಲೆಯಾಡಿಸಿದಳು. ಅವಳು ಹೋಗದ ಆ ಮನೆಗಳಿಗೆ ಈಗ ಆಲಂಕಾರು ಊರಿನ ಇಬ್ಬರು ಬಟ್ಟೆಯವರು ಹೋಗುತ್ತಿದ್ದಾರಂತೆ. ನಡೆದುಕೊಂಡು ಎಷ್ಟು ಮನೆಗೆ ಹೋದಾಳು? ಜೂನಿನಿಂದ ಅವಳು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಿದ್ದಳು. ಸಿಪ್ಪೆ ತೆಗೆಯುವ ಕೆಲಸ. ಲೋಟ ಹಿಡಿದ ಬೆರಳುಗಳ ತುದಿ ಗೇರಿನ ಸೊನೆಗೆ ಕಪ್ಪಾಗಿರುವುದನ್ನು ಜತ್ತಪ್ಪ ಆಗ ಗಮನಿಸಿದ.

"ನನ್ನ ಮಾತು ಕೇಳಿ ತೆಗೊಂಡು ನಿಮಗೆ ಹೀಗಾಯ್ತು" ಎಂದ.

"ನಿಮ್ಮ ಮಾತು ಕೇಳಿ ಅಲ್ಲ" ಎಂದಳು ಝುಬೈದಾ. ಅವಳ ದನಿಯಲ್ಲಿ ತಿದ್ದುವ ಉದ್ದೇಶವಷ್ಟೇ ಇತ್ತು. "ಗಾಡಿ ಒಳ್ಳೇದು ಅಂತ ನೀವು ಹೇಳಿದ್ದು ನಂಗೆ ಅಷ್ಟು ಅರ್ಥವೂ ಆಗ್ಲಿಲ್ಲ. ನೀರು ಹಾಕಿ ತೋರಿಸಿದ್ದನ್ನೂ ಎಲ್ಲರೂ ನೋಡಿದ್ರು, ನಾನೂ ನೋಡಿದೆ. ನಾನು ಒಂದೇ ಕೇಳಿದ್ದು, ಹಾಳಾದ್ರೆ ಯಾರಿಗೆ ಹೇಳುದು ಅಂತ. ನೀವು, ನನಗೆ ಹೇಳಿ ಅಂದ್ರಿ. ಆ ಹುಡುಗಿಗೂ ಅದನ್ನೇ ಹೇಳಿದೆ ನಾನು. ಅವಳು ನಿಮ್ಮ ಹೆಸರು ಮಾತ್ರ ಬರ್ಕೊಂಡ್ಲು."

ಜತ್ತಪ್ಪ ನೆನಪು ಮಾಡಿಕೊಳ್ಳಲು ನೋಡಿದ. ಶಿಬಿರದ ದಿನದ ಪೆಂಡಾಲು ಬಂತು, ಮೈಕು ಬಂತು, ಅಂಗೈಯ ಕೆಳಗೆ ಒದ್ದೆ ಲೋಹದ ತಣ್ಣಗಿನ ಮೈ ಬಂತು, ಚಪ್ಪಾಳೆಯೂ ಬಂತು. ಆ ಪ್ರಶ್ನೆ ಬರಲಿಲ್ಲ. ಗುಂಪಿನ ಅಂಚಿನಲ್ಲಿ ಒಬ್ಬ ಹೆಂಗಸನ್ನು ನಿಲ್ಲಿಸಿ ಅವಳ ಬಾಯಲ್ಲಿ ಆ ಮಾತು ಆಡಿಸಲು ನೋಡಿದ. ಆಡಿದಳು, ಆದರೆ ಅದು ಈಗ ಅವನು ಆಡಿಸಿದ್ದು ಎಂದು ಗೊತ್ತಾಗುತ್ತಿತ್ತು. ತಾನು ಹೇಳಿದ್ದರಲ್ಲಿ ಅವಳು ನಂಬಿಕೊಂಡು ಹೋದ ಒಂದೇ ಮಾತು ತನ್ನ ನೆನಪಿನಲ್ಲಿ ಎಲ್ಲಿಯೂ ಇಲ್ಲ. ಎರಡು ವರ್ಷದಿಂದ ಅವನು ಹೊತ್ತು ತಿರುಗಿದ್ದ ಆ ಪುಕ್ಕಟೆ ಗಾಡಿಯ ತಪ್ಪು, ಹೆಂಡತಿಯೊಡನೆ ಮಾತು ಬಿಡಿಸಿದ ತಪ್ಪು, ಇವಳಿಗೆ ಮುಖ್ಯವೇ ಆಗಿರಲಿಲ್ಲ. ಆ ತಪ್ಪನ್ನು ಬಚ್ಚಿಡುವ ಗಡಿಬಿಡಿಯಲ್ಲಿ ಅವನು ಹತ್ತು ನಿಮಿಷದ ಕೆಲಸವೊಂದನ್ನು ಮಾಡಲಿಲ್ಲ. ನಂಗೆ ನೆನಪಿಲ್ಲ ಎಂದು ಹೇಳಬೇಕೆಂದುಕೊಂಡ. ಅದನ್ನು ಕೇಳಿದರೆ ಅವಳಿಗೆ ಇನ್ನೂ ಏನು ಕಳೆದುಹೋಗಬಹುದು ಎಂದು ತಿಳಿಯದೆ ಚಾ ಕುಡಿದ.

"ಇದನ್ನು ಯಾರಿಗಾದ್ರೂ ಕೊಟ್ಟುಬಿಡುವ ಅಂತ ಇದ್ದೇನೆ" ಎಂದಳು ಝುಬೈದಾ, ಗಾಡಿಯ ಸೀಟಿನ ಮೇಲೆ ಕೋಳಿ ಮಾಡಿಹೋದದ್ದನ್ನು ತೆಂಗಿನ ನಾರಿನಿಂದ ಉಜ್ಜುತ್ತ. "ಫ್ಯಾಕ್ಟರಿಯ ಗಾಡಿ ರಸ್ತೆವರೆಗೂ ಬರ್ತದೆ, ನಂಗೆ ಇನ್ನು ಇದು ಎಂತಕ್ಕೆ? ನಾನು ಹೇಳಿದ್ರೆ ಯಾರು ಕೇಳ್ತಾರೆ. ನೀವು ಹೇಳಿದ್ರೆ ಯಾರಾದ್ರೂ ತೆಗೊಂಡಾರು."

ಅವನು ತಲೆಯೆತ್ತಿ ನೋಡಿದ. ಅವಳು ಚುಚ್ಚಿ ಆಡಿದ ಮಾತಲ್ಲ. ಕರೆಂಟಿನ ಕೆಲಸವನ್ನು ಕರೆಂಟಿನವನಿಗೆ ಹೇಳುವಂತೆ ಹೇಳಿದ್ದಳು.

"ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಹೆಚ್ಚು ಝುಬೈದಾ. ಏರು ಇದ್ದರೆ ಅದೂ ಇಲ್ಲ. ನಾನು ಹಾಗೆಯೇ ಹೇಳ್ಬೇಕಾಗ್ತದೆ."

ಅವಳು ಉಜ್ಜುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು. "ಹಾಗೆ ಹೇಳಿದ್ರೆ ಯಾರು ತೆಗೊಳ್ತಾರೆ ಜತ್ತಪ್ಪಣ್ಣ?"

ಅವಳಿಗೆ ಉತ್ತರ ಬೇಕಿತ್ತು, ಕಾದು ನಿಂತಿದ್ದಳು. ಬೀಫಾತುಮ್ಮನೂ ಏನೋ ಮಾತು ನಡೆದಿದೆಯೆಂದು ತಿಳಿದು ಮೊರದಿಂದ ಕಣ್ಣೆತ್ತಿ ಅವನ ತುಟಿಗಳನ್ನೇ ನೋಡುತ್ತಿದ್ದಳು. ಜತ್ತಪ್ಪ ಲೋಟವನ್ನು ಮೆಟ್ಟಿಲ ಮೇಲಿಟ್ಟ. ಯಾರೂ ತೆಗೊಳ್ಳುವುದಿಲ್ಲ, ಗುಜರಿಯವನನ್ನು ಕರೆಯಬೇಕಷ್ಟೇ ಎಂಬುದು ಅವನಿಗೆ ತಿಳಿದಿತ್ತು. ಆ ಮಾತನ್ನಾದರೂ ತಾನೇ, ಈಗಲೇ, ಈ ಅಂಗಳದಲ್ಲಿ ನಿಂತು ಹೇಳಬೇಕು ಎಂಬುದೂ ತಿಳಿದಿತ್ತು. ಅವನು ಬಾಯಿ ತೆರೆದು, ಯಾರೂ ತೆಗೊಳ್ಳುವುದಿಲ್ಲ ಎಂದ. ಅವಳು ಇನ್ನೂ ಸ್ವಲ್ಪ ಹೊತ್ತು, ಮುಂದಿನ ಮಾತು ಇರಬಹುದೆಂದು, ಹಾಗೇ ನಿಂತಿದ್ದಳು. ಆಮೇಲೆ ಎರಡೂ ಲೋಟಗಳನ್ನು ಒಂದರೊಳಗೊಂದು ಇಟ್ಟುಕೊಂಡು ಒಳಗೆ ಹೋದಳು.